ಹಳೆಯ ವಿಂಡೋಸ್ ಬೇಕಾಗಿದೆ, ಎಲ್ಲಿ ಹುಡುಕುವುದು?

ಹೊಸ ಓಎಸ್ (ವಿಂಡೋಸ್‌ನಂಥ, ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್) ಹಾಕುವುದು ಈಗ ದೊಡ್ಡ ಕೆಲಸವೇ ಅಲ್ಲ. ಡೌನ್‌ಲೋಡ್ ಮಾಡಿ, ಪೆನ್‌ಡ್ರೈವಿಗೆ ಹಾಕಿ, ನಾಲ್ಕು ಸಲ ನೆಕ್ಸ್ಟ್ ಒತ್ತಿದರೆ ಮುಗಿಯಿತು. ಪಜೀತಿ ಶುರುವಾಗುವುದು ಹಳೆಯದು ಬೇಕಾದಾಗ. ಪ್ರೆಸ್ಸಿನಲ್ಲಿ ವರ್ಷಗಟ್ಟಲೆ ಓಡಿದ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಒಂದು ದಿನ ಕೈಕೊಡುತ್ತದೆ. ಪುಟ ವಿನ್ಯಾಸದ ಪೇಜ್‌ಮೇಕರ್, ನುಡಿ ಫಾಂಟು, ಗಿರಾಕಿಗಳ ಹಳೆಯ ಲಗ್ನಪತ್ರಿಕೆ ಎಲ್ಲ ಅದರಲ್ಲೇ. ಇನ್ನೊಂದು ಕಡೆ ವರ್ಕ್‌ಶಾಪಿನ ಕಟಿಂಗ್ ಮಷೀನಿನ ಸಾಫ್ಟ್‌ವೇರ್ ವಿಂಡೋಸ್ 7 ಬಿಟ್ಟು ಬೇರೆಯದರಲ್ಲಿ ತೆರೆದುಕೊಳ್ಳುವುದೇ ಇಲ್ಲ. ಅಂಗಡಿಯಲ್ಲಿ ಕೇಳಿದರೆ ‘ಅದೆಲ್ಲ ಈಗ ಬರಲ್ಲ ಸಾರ್, ಹೊಸದು ತಗೊಳ್ಳಿ’ ಅನ್ನುತ್ತಾರೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಸಾವಿರ ಲಿಂಕು ಸಿಗುತ್ತವೆ, ನಂಬುವಂಥದ್ದು ಒಂದೋ ಎರಡೋ.

ಹಳೆಯ ಓಎಸ್ಸಿನ ಫೈಲು ಸಿಗುವುದು ಇಡೀ ಕೆಲಸದ ಕಾಲು ಭಾಗ ಅಷ್ಟೆ. ಅದಕ್ಕೆ ಹೊಂದುವ ಕೀ (ಲೈಸೆನ್ಸಿನ ಗುರುತಾದ ಅಕ್ಷರ, ಅಂಕಿಗಳ ಸಾಲು), ನಿಮ್ಮ ಯಂತ್ರಕ್ಕೆ ಹೊಂದುವ ಡ್ರೈವರ್ (ಯಂತ್ರದ ಭಾಗಗಳನ್ನು ಓಎಸ್ಸಿಗೆ ಪರಿಚಯಿಸುವ ಸಾಫ್ಟ್‌ವೇರ್), ಬೇಕಾದ ಅಪ್‌ಡೇಟು, ಈ ಮೂರೂ ಕೈಗೆ ಬರುವ ತನಕ ಯಾವ ಡಿಸ್ಕನ್ನೂ ಫಾರ್ಮ್ಯಾಟ್ ಮಾಡಬೇಡಿ. ಈ ಒಂದು ಮಾತು ನೆನಪಿಟ್ಟುಕೊಂಡು ಮುಂದೆ ಓದಿ.

ಹೆಜ್ಜೆ 1: ಬೇಕಾಗಿರುವುದು ಓಎಸ್ಸೋ, ಅದರ ಮೇಲಿನ ಸಾಫ್ಟ್‌ವೇರೋ?

‘ನನಗೆ ಎಕ್ಸ್‌ಪಿ ಬೇಕು’ ಅನ್ನುವವರಲ್ಲಿ ಬಹಳ ಮಂದಿಗೆ ನಿಜಕ್ಕೂ ಬೇಕಾಗಿರುವುದು ಎಕ್ಸ್‌ಪಿ ಅಲ್ಲ. ಒಂದು ಹಳೆಯ ಸಾಫ್ಟ್‌ವೇರ್ ತೆರೆಯಬೇಕು, ಅಷ್ಟೆ. ಹಾಗಿದ್ದರೆ ಮೊದಲು ಸುಲಭದ ದಾರಿ ನೋಡಿ.

ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ. ಆದರೂ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಅದು ವಿಂಡೋಸ್ 10ರ ಮೇಲೆ ಓಡುತ್ತಿದೆ. ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ಅನ್ನುವ ಟ್ಯಾಬ್ ತೆರೆದು ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3 (ಸರ್ವಿಸ್ ಪ್ಯಾಕ್ ಅಂದರೆ ಅಪ್‌ಡೇಟುಗಳ ದೊಡ್ಡ ಗಂಟು) ಆರಿಸಿ ನೋಡಿ. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸುವ ಗುರುತನ್ನೂ ಹಾಕಿ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯವಷ್ಟೇ ಬೇಕಿದ್ದರೆ ಓಎಸ್ ಗೊಡವೆಯೇ ಬೇಡ. ಆಸ್ಕಿಯಿಂದ (ಆ ಹಳೆಯ ಫಾಂಟುಗಳ ಸಂಕೇತ) ಯೂನಿಕೋಡ್‌ಗೆ (ಈಗ ಎಲ್ಲೆಡೆ ಬಳಸುವ ಸಂಕೇತ) ಬದಲಾಯಿಸುವ ಕನ್ವರ್ಟರುಗಳು ಬೇಕಾದಷ್ಟಿವೆ. ಅರ್ಕಾವತ್ತು, ಒತ್ತಕ್ಷರಗಳನ್ನು ಮಾತ್ರ ಒಮ್ಮೆ ಕಣ್ಣಾಡಿಸಿ ನೋಡಿಕೊಳ್ಳಿ.

ಸಾಫ್ಟ್‌ವೇರ್ ಇನ್ನೂ ಹಳೆಯದಾಗಿದ್ದರೆ, ಅಂದರೆ ವಿಂಡೋಸ್ 3.1 ಕಾಲದ 16 ಬಿಟ್‌ನದಾಗಿದ್ದರೆ, ಒಂದು ಮಾತು ಗೊತ್ತಿರಬೇಕು. 64 ಬಿಟ್ ವಿಂಡೋಸ್ ಯಾವುದರಲ್ಲೂ 16 ಬಿಟ್ ಪ್ರೋಗ್ರಾಂ ಓಡುವುದಿಲ್ಲ. 32 ಬಿಟ್ ವಿಂಡೋಸ್ 10ರಲ್ಲಿ ಓಡುತ್ತದೆ. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಹಾಗಾಗಿ ಈ ಕೆಲಸಕ್ಕೆ 32 ಬಿಟ್ ವಿಂಡೋಸ್ 10 ಕೊನೆಯ ಬಸ್ಸು. ಬರೀ ಡಾಸ್ (ವಿಂಡೋಸಿಗೂ ಮುಂಚಿನ ಓಎಸ್) ಪ್ರೋಗ್ರಾಂ ಆದರೆ ಡಾಸ್‌ಬಾಕ್ಸ್ ಸಾಕು, ಅದು ಉಚಿತ.

ನಿಜವಾಗಿ ಹಳೆಯ ಓಎಸ್ಸೇ ಬೇಕಾಗುವುದು ಹಾರ್ಡ್‌ವೇರ್ ನಡುವೆ ಬಂದಾಗ. ಡ್ರೈವರ್ ಎಕ್ಸ್‌ಪಿಗೇ ನಿಂತುಹೋದ ಸ್ಕ್ಯಾನರ್, ಪ್ಯಾರಲಲ್ ಪೋರ್ಟಿಗೆ (ಹಳೆಯ ಪ್ರಿಂಟರ್ ಸಿಕ್ಕಿಸುವ ಅಗಲದ ಕಿಂಡಿ) ಸಿಕ್ಕಿಸುವ ಡಾಂಗಲ್ (ಅದಿದ್ದರೆ ಮಾತ್ರ ಸಾಫ್ಟ್‌ವೇರ್ ತೆರೆಯುವ ಬೀಗದ ಕೈ), ಕಂಪ್ಯೂಟರಿನ ಒಳಗೆ ಕಾರ್ಡ್ ಹಾಕಿ ನಡೆಸುವ ಯಂತ್ರ, ಇಂಥವು. ನಿಮ್ಮದು ಈ ಪಟ್ಟಿಯಲ್ಲಿದ್ದರೆ ಮುಂದಿನ ಹೆಜ್ಜೆಗೆ ಬನ್ನಿ.

ಹೆಜ್ಜೆ 2: ಏನು ಬೇಕು ಅನ್ನುವುದನ್ನು ಚೀಟಿಯಲ್ಲಿ ಬರೆದುಕೊಳ್ಳಿ

‘ವಿಂಡೋಸ್ 7’ ಅಂದರೆ ಸಾಲದು. ಹೋಂ ಪ್ರೀಮಿಯಮ್ಮೋ, ಪ್ರೊಫೆಷನಲ್ಲೋ, ಅಲ್ಟಿಮೇಟೋ? 32 ಬಿಟ್ಟೋ, 64 ಬಿಟ್ಟೋ? ಯಾವ ಸರ್ವಿಸ್ ಪ್ಯಾಕ್? ಯಾವ ಭಾಷೆ? ಎಲ್ಲಕ್ಕಿಂತ ಮುಖ್ಯವಾಗಿ, ಲೈಸೆನ್ಸ್ ಯಾವ ಬಗೆಯದು?

ಬಗೆ ಮೂರು. ಡಬ್ಬಿಯಲ್ಲಿ ಬಿಡಿಯಾಗಿ ಕೊಂಡಿದ್ದು ರೀಟೇಲ್. ಕಂಪ್ಯೂಟರಿನ ಜೊತೆಗೇ ಬಂದಿದ್ದು ಓಇಎಂ. ಕಂಪನಿ, ಕಾಲೇಜುಗಳು ಸಗಟಾಗಿ ತೆಗೆದುಕೊಂಡಿದ್ದು ವಾಲ್ಯೂಮ್. ಎಕ್ಸ್‌ಪಿಯಲ್ಲಿ ಈ ಮೂರಕ್ಕೂ ಬೇರೆ ಬೇರೆ ಸಿ.ಡಿ. ಓಇಎಂ ಕೀಯನ್ನು ರೀಟೇಲ್ ಸಿ.ಡಿ.ಗೆ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಕೀ ಸರಿಯಾಗಿಯೇ ಇರುತ್ತದೆ, ಸಿ.ಡಿ. ಕೂಡ ಅಸಲಿಯೇ. ಆದರೂ ‘ಪ್ರಾಡಕ್ಟ್ ಕೀ ಇನ್‌ವ್ಯಾಲಿಡ್’ ಅಂತ ಬರುತ್ತದೆ. ಕೀ ತಪ್ಪಿದೆ ಅಂದುಕೊಂಡು ಇಲ್ಲಿಂದಲೇ ಜನ ಕ್ರ್ಯಾಕ್ (ಲೈಸೆನ್ಸ್ ಇಲ್ಲದೆ ಓಡಿಸುವ ಕಳ್ಳದಾರಿ) ಹುಡುಕಲು ಹೋಗುತ್ತಾರೆ.

ಎಕ್ಸ್‌ಪಿ ಇನ್ನೂ ಓಡುತ್ತಿದ್ದರೆ ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ನಿಮ್ಮ ಹೆಸರಿನ ಕೆಳಗೆ ಉದ್ದದ ಪ್ರಾಡಕ್ಟ್ ಐಡಿ ಇರುತ್ತದೆ. ಅದರ ಎರಡನೇ ತುಂಡಿನಲ್ಲಿ ಅಂಕಿಯ ಬದಲು ಓಇಎಂ ಅನ್ನುವ ಮೂರು ಇಂಗ್ಲಿಷ್ ಅಕ್ಷರ ಕಂಡರೆ ಅದು ಓಇಎಂ.

ಸಿ.ಡಿ.ಯ ಬಗೆ ತಿಳಿಯುವುದೂ ಸುಲಭ. ಅದರೊಳಗಿನ ಐ386 ಫೋಲ್ಡರ್ ತೆರೆಯಿರಿ. ಅಲ್ಲಿ ಸೆಟಪ್‌ಪಿ ಡಾಟ್ ಐಎನ್‌ಐ ಅಂತ ಪುಟ್ಟ ಫೈಲಿದೆ. ಕೊನೆಯಲ್ಲಿ ಪಿ ಅಕ್ಷರ ಎರಡು ಸಲ ಬರುತ್ತದೆ, ಗಮನಿಸಿ. ನೋಟ್‌ಪ್ಯಾಡಿನಲ್ಲಿ ತೆರೆದರೆ ಪಿಐಡಿ ಎಂಬ ಸಾಲು ಸಿಗುತ್ತದೆ. ಆ ಸಾಲು ಓಇಎಂ ಎಂದು ಮುಗಿದರೆ ಓಇಎಂ ಸಿ.ಡಿ., 270 ಎಂದು ಮುಗಿದರೆ ವಾಲ್ಯೂಮ್. 335 ಇದ್ದರೆ ರೀಟೇಲ್. ಅರ್ಧ ನಿಮಿಷದ ಕೆಲಸ. ಇದನ್ನು ನೋಡದೆ ಇಡೀ ಮಧ್ಯಾಹ್ನ ಕೀ ಹೊಡೆಯುತ್ತಾ ಕೂರಬೇಡಿ.

ಇನ್ನು ಕೀ. ವಿಂಡೋಸ್ 7ರ ತನಕ ಅದು ಸ್ಟಿಕ್ಕರಿನಲ್ಲಿ ಇರುತ್ತಿತ್ತು. ಲ್ಯಾಪ್‌ಟಾಪ್ ಆದರೆ ತಳದಲ್ಲಿ ಅಥವಾ ಬ್ಯಾಟರಿ ಕೂರುವ ಗುಂಡಿಯೊಳಗೆ, ಡೆಸ್ಕ್‌ಟಾಪ್ ಆದರೆ ಕ್ಯಾಬಿನೆಟ್ಟಿನ ಪಕ್ಕದಲ್ಲಿ. ತೊಡೆಯ ಮೇಲೆ ಇಟ್ಟು ಬಳಸಿದ ಲ್ಯಾಪ್‌ಟಾಪಿನಲ್ಲಿ ಅಕ್ಷರ ಸವೆದು ಹೋಗಿರುತ್ತವೆ. ಮೊಬೈಲ್ ಟಾರ್ಚನ್ನು ಒಂದು ಬದಿಯಿಂದ ಓರೆಯಾಗಿ ಹಿಡಿದು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. 8 ಮತ್ತು ಬಿ, 6 ಮತ್ತು ಜಿ ಒಂದೇ ಥರ ಕಾಣುತ್ತವೆ, ಎರಡನ್ನೂ ಹಾಕಿ ನೋಡಬೇಕು. ವಿಂಡೋಸ್ 8ರಿಂದ ಈಚೆಗೆ ಕಂಪನಿಗಳು ಕೀಯನ್ನು ಬಯಾಸ್ (ಕಂಪ್ಯೂಟರ್ ಆನ್ ಆದ ಕೂಡಲೇ ಮೊದಲು ಓಡುವ ಪ್ರೋಗ್ರಾಂ) ಚಿಪ್ಪಿನೊಳಗೇ ಹಾಕಿ ಕಳಿಸುತ್ತಿವೆ. ಸ್ಟಿಕ್ಕರ್ ಕಾಣಲಿಲ್ಲ ಅಂತ ಗಾಬರಿ ಬೇಡ, ಅದೇ ಆವೃತ್ತಿ ಹಾಕಿದರೆ ತಾನೇ ಓದಿಕೊಳ್ಳುತ್ತದೆ.

ಹೆಜ್ಜೆ 3: ಮೊದಲು ಮನೆಯಲ್ಲಿ, ಆಫೀಸಿನಲ್ಲಿ ಹುಡುಕಿ

ಇಂಟರ್‌ನೆಟ್ಟಿಗೆ ಹೋಗುವ ಮೊದಲು ಬೀರು ತೆರೆಯಿರಿ. ಕಂಪ್ಯೂಟರ್ ಕೊಂಡಾಗ ಬಂದ ರಿಕವರಿ ಸಿ.ಡಿ., ಮದರ್‌ಬೋರ್ಡಿನ ಡ್ರೈವರ್ ಸಿ.ಡಿ., ಬಿಲ್ಲಿನ ಜೊತೆ ಪಿನ್ ಮಾಡಿದ ಕವರು, ಎಲ್ಲ ಒಂದೇ ಕಡೆ ಬಿದ್ದಿರುತ್ತವೆ. ದೊಡ್ಡ ಬ್ರ್ಯಾಂಡಿನ ರಿಕವರಿ ಡಿಸ್ಕಿಗೆ ಒಂದು ಅನುಕೂಲವಿದೆ. ಅದು ಅದೇ ಕಂಪನಿಯ ಬಯಾಸ್ ಗುರುತು ನೋಡಿ ಆಕ್ಟಿವೇಶನ್ (ಕೀ ಅಸಲಿ ಅಂತ ಮೈಕ್ರೋಸಾಫ್ಟಿನಿಂದ ಖಾತರಿ ಮಾಡಿಸುವುದು) ಕೇಳದೇ ಕೂತುಕೊಳ್ಳುತ್ತದೆ. ಎಕ್ಸ್‌ಪಿ, ವಿಸ್ಟಾ, 7ರಲ್ಲಿ ಹೀಗಿತ್ತು. ಇನ್ನು ಕೆಲವು ಯಂತ್ರಗಳಲ್ಲಿ ಡಿಸ್ಕ್ ಕೊಟ್ಟಿರುವುದಿಲ್ಲ, ಹಾರ್ಡ್‌ಡಿಸ್ಕಿನಲ್ಲೇ ಒಂದು ರಿಕವರಿ ಪಾರ್ಟಿಶನ್ ಅಡಗಿರುತ್ತದೆ. ಸರ್ವಿಸ್ ಹುಡುಗರು ‘ಜಾಗ ಜಾಸ್ತಿ ಆಗುತ್ತೆ’ ಅಂತ ಮೊದಲು ಅಳಿಸುವುದೇ ಅದನ್ನು. ಮುಟ್ಟಬೇಡಿ ಅಂತ ಮೊದಲೇ ಹೇಳಿ.

ಸಿ.ಡಿ. ಸಿಕ್ಕಿದ ದಿನವೇ ಅದರ ಐಎಸ್‌ಒ ಫೈಲ್ (ಇಡೀ ಡಿಸ್ಕಿನ ಪ್ರತಿ ಒಂದೇ ಫೈಲಿನಲ್ಲಿ) ಮಾಡಿಟ್ಟುಕೊಳ್ಳಿ. ಇಮ್‌ಜ್‌ಬರ್ನ್‌ನಂಥ ಉಚಿತ ಸಾಫ್ಟ್‌ವೇರ್ ಸಾಕು. ಗೀರು ಬಿದ್ದು ಓದದಿದ್ದರೆ ಬೇರೆ ಡ್ರೈವಿನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಓದದ ಸಿ.ಡಿ.ಯನ್ನು ಇನ್ನೊಂದು ಓದುವುದುಂಟು. ಲಿನಕ್ಸಿನ ಡಿಡಿರೆಸ್ಕ್ಯೂ ಓದಲಾಗದ ಜಾಗವನ್ನು ಬಿಟ್ಟು ಮುಂದೆ ಹೋಗಿ, ಆಮೇಲೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಹೀಗೆ ಪ್ರತಿ ಮಾಡುವುದು ತಪ್ಪಲ್ಲವೇ ಅಂದರೆ, ಅಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಕಾನೂನುಬದ್ಧವಾಗಿ ಪ್ರೋಗ್ರಾಂ ಇಟ್ಟುಕೊಂಡಿರುವವರು ಕಳೆದುಹೋದೀತು, ಹಾಳಾದೀತು ಅಂತ ಬ್ಯಾಕಪ್ ಪ್ರತಿ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ.

ಹಳೆಯ ಡಿಸ್ಕ್ ಇನ್ನೂ ಉಸಿರಾಡುತ್ತಿದ್ದರೆ ಓಎಸ್ ಹುಡುಕುವುದನ್ನು ಬದಿಗಿಟ್ಟು ಕ್ಲೋನ್‌ಜಿಲ್ಲಾ ಎಂಬ ಸಾಫ್ಟ್‌ವೇರಿನಿಂದ ಇಡೀ ಡಿಸ್ಕಿನ ಇಮೇಜ್ (ಇದ್ದ ಹಾಗೇ ಪ್ರತಿ) ತೆಗೆದುಬಿಡಿ. ಸೆಟ್ಟಿಂಗ್ ಮಾಡಿಟ್ಟ ಸಾಫ್ಟ್‌ವೇರ್, ಲೈಸೆನ್ಸ್, ಫಾಂಟು ಎಲ್ಲ ಹಾಗೆಯೇ ಉಳಿಯುತ್ತವೆ. ಪ್ರೆಸ್ಸುಗಳಿಗೆ, ವರ್ಕ್‌ಶಾಪುಗಳಿಗೆ ನಾನು ಹೇಳುವುದು ಇದನ್ನೇ. ಹೊಸದಾಗಿ ಎಕ್ಸ್‌ಪಿ ಹಾಕುವುದಕ್ಕಿಂತ ಇರುವ ಎಕ್ಸ್‌ಪಿಯನ್ನು ಇನ್ನೊಂದು ಡಿಸ್ಕಿಗೆ ಎತ್ತಿಡುವುದು ಎಷ್ಟೋ ಹಗುರ.

ಹೆಜ್ಜೆ 4: ಕಂಪನಿಯ ಬಾಗಿಲು ತಟ್ಟಿ

ವಿಂಡೋಸ್ ವಿಷಯದಲ್ಲಿ ಈ ಬಾಗಿಲು ಅರ್ಧ ಮುಚ್ಚಿದೆ. ಎಕ್ಸ್‌ಪಿಗೆ ಬೆಂಬಲ ನಿಂತಿದ್ದು 2014ರ ಏಪ್ರಿಲ್ 8ಕ್ಕೆ. ವಿಂಡೋಸ್ 7ಕ್ಕೆ 2020ರ ಜನವರಿ 14. ಒಂದು ಕಾಲದಲ್ಲಿ ರೀಟೇಲ್ ಕೀ ಕೊಟ್ಟರೆ ಮೈಕ್ರೋಸಾಫ್ಟ್ ತಾಣದಿಂದಲೇ ವಿಂಡೋಸ್ 7ರ ಐಎಸ್‌ಒ ಇಳಿಯುತ್ತಿತ್ತು. ಈಗ ಇಲ್ಲ. ಬಿಡಿ ಫೈಲುಗಳೂ ಮಾಯವಾಗಿವೆ. ಹಳೆಯ ಫೈಲುಗಳಿಗೆ ಹಾಕುತ್ತಿದ್ದ ಎಸ್‌ಎಚ್‌ಎ-1 ಎಂಬ ಡಿಜಿಟಲ್ ಸಹಿಯನ್ನು ಇನ್ನು ನಂಬುವಂತಿಲ್ಲ ಎಂದಾದಾಗ, 2020ರ ಆಗಸ್ಟ್ 3ರಂದು ಆ ಸಹಿಯಿದ್ದ ವಿಂಡೋಸ್ ಫೈಲುಗಳನ್ನು ಮೈಕ್ರೋಸಾಫ್ಟ್ ತನ್ನ ಡೌನ್‌ಲೋಡ್ ಸೆಂಟರಿನಿಂದ ತೆಗೆದುಹಾಕಿತು. ಹಳೆಯ ಗೈಡುಗಳಲ್ಲಿ ಕೊಟ್ಟ ಲಿಂಕು ಒತ್ತಿದರೆ ಖಾಲಿ ಪುಟ ಬರುವುದಕ್ಕೆ ಇದೂ ಒಂದು ಕಾರಣ.

ಕೆಲವೊಮ್ಮೆ ಕೋರ್ಟಿನ ಜಗಳವೂ ಕಾರಣವಾಗುತ್ತದೆ. ಎಕ್ಸ್‌ಪಿಗೆ ಸರ್ವಿಸ್ ಪ್ಯಾಕ್ 1 ಬಂದ ಮೇಲೆ 2003ರಲ್ಲಿ 1ಎ ಅಂತ ಇನ್ನೊಂದು ಬಂತಲ್ಲ, ಅದರಲ್ಲಿ ಹೊಸದೇನೂ ಇರಲಿಲ್ಲ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಮಾಡಿದ ಸನ್ ಕಂಪನಿಯ ಜೊತೆಗಿನ ವ್ಯಾಜ್ಯದಿಂದಾಗಿ ಮೈಕ್ರೋಸಾಫ್ಟ್ ತನ್ನ ಜಾವಾ ಭಾಗವನ್ನು ಕಿತ್ತುಹಾಕಿತ್ತು, ಅಷ್ಟೆ.

ಆದರೂ ಕೆಲವು ನೇರ ದಾರಿಗಳಿವೆ.

ವಿಂಡೋಸ್ 10ರ ಐಎಸ್‌ಒ ಕಂಪನಿಯ ತಾಣದಲ್ಲೇ ಇದೆ. ವಿಂಡೋಸ್ ಕಂಪ್ಯೂಟರಿನಿಂದ ಹೋದರೆ ಮೀಡಿಯಾ ಕ್ರಿಯೇಷನ್ ಟೂಲ್ ಕೊಡುತ್ತದೆ. ಅದೇ ಪುಟವನ್ನು ಮೊಬೈಲಿನಿಂದಲೋ, ಲಿನಕ್ಸಿನಿಂದಲೋ ತೆರೆದರೆ ನೇರವಾಗಿ ಐಎಸ್‌ಒ ಸಿಗುತ್ತದೆ. ಪೆನ್‌ಡ್ರೈವ್ ತಯಾರಿಸುವ ರುಫಸ್ ಒಳಗಿಂದಲೂ 10 ಮತ್ತು 11ನ್ನು ಇಳಿಸಿಕೊಳ್ಳಬಹುದು.

ನಿಮ್ಮ ಕಂಪನಿಯ ಡೆವಲಪರುಗಳ ಹತ್ತಿರ ವಿಷುವಲ್ ಸ್ಟುಡಿಯೊ ಸಬ್‌ಸ್ಕ್ರಿಪ್ಷನ್ ಇದೆಯಾ, ಕೇಳಿ. ಹಿಂದೆ ಎಂಎಸ್‌ಡಿಎನ್ ಅನ್ನುತ್ತಿದ್ದುದು ಇದನ್ನೇ. ಅದರಲ್ಲಿ ಹಳೆಯ ಆವೃತ್ತಿಗಳು ಸಿಗುತ್ತವೆ, ಆದರೆ ಅವು ಸಾಫ್ಟ್‌ವೇರ್ ಬರೆದು ಪರೀಕ್ಷಿಸುವುದಕ್ಕೆ. ದಿನದ ಬಿಲ್ಲಿಂಗ್ ನಡೆಸುವುದಕ್ಕಲ್ಲ.

ಡೌನ್‌ಗ್ರೇಡ್ ಹಕ್ಕು ಅನ್ನುವುದೊಂದಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಕಂಪ್ಯೂಟರಿನ ಜೊತೆ ವಿಂಡೋಸ್ 7 ಪ್ರೊಫೆಷನಲ್ ಬಂದಿದ್ದರೆ ಅದೇ ಲೈಸೆನ್ಸಿನಲ್ಲಿ ಎಕ್ಸ್‌ಪಿ ಪ್ರೊಫೆಷನಲ್ ಬಳಸಬಹುದಿತ್ತು. ವಿಂಡೋಸ್ 10 ಪ್ರೊ ಬಂದಿದ್ದರೆ 8.1 ಪ್ರೊ ಅಥವಾ 7 ಪ್ರೊಫೆಷನಲ್‌ಗೆ ಇಳಿಯಬಹುದು. ಹೋಂ ಆವೃತ್ತಿಗೆ ಈ ಹಕ್ಕಿಲ್ಲ. ಹಕ್ಕು ಇದೆ ಅಂತ ಡಿಸ್ಕ್ ಕೊಡುತ್ತಾರೆ ಅಂದುಕೊಳ್ಳಬೇಡಿ. ಅದನ್ನು ನೀವೇ ಹೊಂದಿಸಿಕೊಳ್ಳಬೇಕು.

ನನಗೆ ಹೆಚ್ಚು ಇಷ್ಟವಾಗುವ ದಾರಿ ಬೇರೆಯೇ. ಸ್ಟಿಕ್ಕರ್ ಅಂಟಿಸಿರುವ ಸೆಕೆಂಡ್ ಹ್ಯಾಂಡ್ ಕಂಪ್ಯೂಟರನ್ನೇ ಕೊಂಡುಬಿಡಿ. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಆಫೀಸುಗಳು ಬಿಟ್ಟ ಹಳೆಯ ಡೆಸ್ಕ್‌ಟಾಪುಗಳು ಬರುತ್ತಿರುತ್ತವೆ. ಓಇಎಂ ಲೈಸೆನ್ಸ್ ಆ ಯಂತ್ರಕ್ಕೇ ಸೇರಿದ್ದು, ಯಂತ್ರದ ಜೊತೆ ನಿಮಗೂ ಬರುತ್ತದೆ. ಅದಕ್ಕೆ ಡ್ರೈವರೂ ಸುಲಭವಾಗಿ ಸಿಗುತ್ತದೆ, ಹಿಂದೆ ಪ್ಯಾರಲಲ್ ಪೋರ್ಟೂ ಇರುತ್ತದೆ. ಬರೀ ಸ್ಟಿಕ್ಕರ್ ಮಾರುವವರೂ ಇದ್ದಾರೆ, ಅವರ ಹತ್ತಿರ ಸುಳಿಯಬೇಡಿ. ಯಂತ್ರದಿಂದ ಕಿತ್ತ ಸ್ಟಿಕ್ಕರ್ ಲೈಸೆನ್ಸ್ ಅಲ್ಲ.

ಮ್ಯಾಕ್, ಲಿನಕ್ಸ್, ಡಾಸ್

ಆ್ಯಪಲ್ ಈ ವಿಷಯದಲ್ಲಿ ವಾಸಿ. ಅದರ ಸಪೋರ್ಟ್ ಪುಟದಲ್ಲೇ ಲಯನ್, ಮೌಂಟನ್ ಲಯನ್, ಯೊಸೆಮಿಟಿ, ಎಲ್ ಕ್ಯಾಪಿಟನ್, ಸಿಯೆರಾ ಇಳಿಸಿಕೊಳ್ಳುವ ಲಿಂಕುಗಳಿವೆ. ಮೊದಲ ಎರಡನ್ನು 2021ರ ತನಕ ದುಡ್ಡು ಕೊಟ್ಟು ಕೊಳ್ಳಬೇಕಿತ್ತು, ಈಗ ಉಚಿತ. ನಡುವಿನ ಮ್ಯಾವರಿಕ್ಸ್ ಮಾತ್ರ ಆ ಪಟ್ಟಿಯಲ್ಲಿಲ್ಲ. ಇಂಟೆಲ್ ಮ್ಯಾಕ್ ಆನ್ ಮಾಡುವಾಗ ಶಿಫ್ಟ್, ಆಪ್ಷನ್, ಕಮಾಂಡ್, ಆರ್ ನಾಲ್ಕನ್ನೂ ಒಟ್ಟಿಗೆ ಒತ್ತಿ ಹಿಡಿದರೆ, ಕೊಂಡಾಗ ಇದ್ದ ಆವೃತ್ತಿ ಅಥವಾ ಅದಕ್ಕೆ ಹತ್ತಿರದ್ದು ಇಂಟರ್‌ನೆಟ್ಟಿನಿಂದ ಬರುತ್ತದೆ. ಅದಕ್ಕಿಂತ ಹಳೆಯದು ಸಾಮಾನ್ಯವಾಗಿ ಆ ಮ್ಯಾಕಿಗೆ ಹತ್ತುವುದಿಲ್ಲ. ಎಂ1 ಮತ್ತು ಆಮೇಲಿನ ಚಿಪ್ಪಿನವಕ್ಕೆ ಬಿಗ್ ಸರ್‌ಗಿಂತ ಹಿಂದೆ ಹೋಗುವ ಮಾತೇ ಇಲ್ಲ.

ಮ್ಯಾಕಿನಲ್ಲಿ ಒಂದು ಕಾಟ ಇದೆ. ಎಂದೋ ಇಳಿಸಿಟ್ಟ ಇನ್‌ಸ್ಟಾಲರ್ ಒತ್ತಿದರೆ ‘ಫೈಲ್ ಹಾಳಾಗಿದೆ’ ಅನ್ನುತ್ತದೆ. ಫೈಲ್ ಹಾಳಾಗಿರುವುದಿಲ್ಲ, ಅದರೊಳಗಿನ ಸರ್ಟಿಫಿಕೇಟಿನ ಅವಧಿ ಮುಗಿದಿರುತ್ತದೆ. ಅಂಥ ಒಂದು ಸರ್ಟಿಫಿಕೇಟ್ 2019ರ ಅಕ್ಟೋಬರ್ 24ಕ್ಕೆ ಮುಗಿಯಿತು. ಹೊಸದಾಗಿ ಇಳಿಸಿಕೊಳ್ಳಿ, ಅಥವಾ ಇಂಟರ್‌ನೆಟ್ ತೆಗೆದು ಗಡಿಯಾರವನ್ನು ಅದಕ್ಕಿಂತ ಹಿಂದಿನ ತಾರೀಕಿಗೆ ತಿರುಗಿಸಿ ಹಾಕಿ.

ಲಿನಕ್ಸಿನವರಿಗೆ ಈ ತಲೆನೋವೇ ಇಲ್ಲ. ಉಬುಂಟುವಿನ ಹಳೆಯ ಬಿಡುಗಡೆಗಳು, 2004ರ ಅಕ್ಟೋಬರಿನ 4.10ರಿಂದ ಹಿಡಿದು, ಅವರದೇ ಓಲ್ಡ್ ರಿಲೀಸಸ್ ಸರ್ವರಿನಲ್ಲಿವೆ. ಡೆಬಿಯನ್, ಫೆಡೋರಾಗಳಿಗೂ ಅವರವರದೇ ಆರ್ಕೈವ್ ಇದೆ. ಹಾಕಿದ ಮೇಲೆ ಪ್ಯಾಕೇಜ್ ಇಳಿಯದಿದ್ದರೆ ಸೋರ್ಸಸ್ ಪಟ್ಟಿಯಲ್ಲಿ ಸರ್ವರಿನ ವಿಳಾಸವನ್ನು ಆರ್ಕೈವಿನದಕ್ಕೆ ಬದಲಾಯಿಸಿ, ಅಷ್ಟೆ. 2011ರ ತನಕ ಉಬುಂಟು ಉಚಿತವಾಗಿ ಸಿ.ಡಿ.ಗಳನ್ನು ಮನೆಗೆ ಅಂಚೆಯಲ್ಲಿ ಕಳಿಸುತ್ತಿತ್ತು, ನೆನಪಿದೆಯಾ? ಕಾಗದದ ಲಕೋಟೆಯ ಆ ಡಿಸ್ಕುಗಳು ಇನ್ನೂ ಎಷ್ಟೋ ಮನೆಗಳ ಕಪಾಟಿನಲ್ಲಿವೆ. ಅವೂ ನಡೆಯುತ್ತವೆ.

ಡಾಸ್ ಬೇಕಿದ್ದರೆ ಫ್ರೀಡಾಸ್ ಹಾಕಿ. 1994ರಲ್ಲಿ ಶುರುವಾಗಿ ಇವತ್ತಿಗೂ ಹೊಸ ಆವೃತ್ತಿ ಬರುತ್ತಿರುವ ಉಚಿತ ಓಎಸ್ ಅದು. ಮೈಕ್ರೋಸಾಫ್ಟ್ ಕೂಡ ಎಂಎಸ್-ಡಾಸ್ 1.25, 2.0 ಮತ್ತು 2024ರಲ್ಲಿ 4.00ರ ಸೋರ್ಸ್ ಕೋಡನ್ನು ಮುಕ್ತ ಲೈಸೆನ್ಸಿನಲ್ಲಿ ಬಿಟ್ಟಿದೆ. ಬಹಳ ಮಂದಿಗೆ ಬೇಕಾದ 6.22 ಅದರಲ್ಲಿಲ್ಲ.

ಹೆಜ್ಜೆ 5: ಆರ್ಕೈವ್ ತಾಣಗಳಿಗೆ ಹೋಗಲೇಬೇಕಾದರೆ

ಎಲ್ಲೂ ಸಿಗದಿದ್ದಾಗ ಉಳಿಯುವುದು ಇಂಟರ್‌ನೆಟ್ ಆರ್ಕೈವ್, ವಿನ್‌ವರ್ಲ್ಡ್‌ನಂಥ ಸಂಗ್ರಹಗಳು. ಇಲ್ಲಿ ಎರಡು ಮಾತು.

ಒಂದು ಕಾನೂನಿನದು. ‘ಕಂಪನಿಯೇ ಕೈಬಿಟ್ಟಿದೆ, ಹಾಗಾಗಿ ಫ್ರೀ’ ಅನ್ನುವ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ. ಬೆಂಬಲ ನಿಂತರೂ ಹಕ್ಕುಸ್ವಾಮ್ಯ ನಿಲ್ಲುವುದಿಲ್ಲ. ವಿಂಡೋಸ್ 98 ಆದರೂ ಇನ್ನೂ ಮೈಕ್ರೋಸಾಫ್ಟಿನದೇ ಆಸ್ತಿ. ನಿಮ್ಮ ಹತ್ತಿರ ಅಸಲಿ ಲೈಸೆನ್ಸ್ ಇದ್ದು ಡಿಸ್ಕ್ ಮಾತ್ರ ಹಾಳಾಗಿದ್ದರೆ ಮನಸ್ಸಿಗೆ ಸಮಾಧಾನ ಇರುತ್ತದೆ. ಇಲ್ಲದವರು ಸುಮ್ನೆ ಇಳಿಸಿ ಅಂಗಡಿಯಲ್ಲಿ ಬಳಸುವುದು ಸರಿಯಲ್ಲ.

ಇನ್ನೊಂದು ಸುರಕ್ಷತೆಯದು. ಈ ತಾಣಗಳಿಗೆ ಯಾರು ಬೇಕಾದರೂ ಅಪ್‌ಲೋಡ್ ಮಾಡುತ್ತಾರೆ. ಲೈಟ್, ಗೇಮಿಂಗ್ ಎಡಿಷನ್, ಪ್ರೀ-ಆಕ್ಟಿವೇಟೆಡ್ ಅಂತ ಹೆಸರಿದ್ದರೆ ಯಾರೋ ಕೈಯಾಡಿಸಿದ್ದಾರೆ ಅಂತಲೇ ಅರ್ಥ. ಹೆಸರು ಎಷ್ಟು ಅಂದವಾಗಿದ್ದರೂ ಬಿಟ್ಟುಬಿಡಿ. ಏನೂ ಬದಲಾಯಿಸದ ಐಎಸ್‌ಒ ಬೇಕು.

ಬದಲಾಗಿಲ್ಲ ಅಂತ ತಿಳಿಯುವುದು ಹೇಗೆ? ಹ್ಯಾಶ್ ನೋಡಿ. ಒಂದು ಫೈಲಿನಿಂದ ಲೆಕ್ಕ ಹಾಕಿ ಬರುವ ಉದ್ದನೆಯ ಗುರುತು ಅದು, ಫೈಲಿನಲ್ಲಿ ಒಂದು ಬಿಟ್ ಬದಲಾದರೂ ಇಡೀ ಗುರುತು ಬದಲಾಗುತ್ತದೆ. ವಿಂಡೋಸಿನಲ್ಲೇ ಇರುವ ಸರ್ಟ್‌ಯುಟಿಲ್ ಎಂಬ ಕಮಾಂಡ್ ಇದನ್ನು ತೆಗೆದುಕೊಡುತ್ತದೆ. ಎಂಎಸ್‌ಡಿಎನ್ ಫೈಲುಗಳ ಹ್ಯಾಶನ್ನು ಮೈಕ್ರೋಸಾಫ್ಟ್ ಹಿಂದೆ ಪ್ರಕಟಿಸುತ್ತಿತ್ತು, ಆ ಪಟ್ಟಿಗಳನ್ನು ಹಲವರು ಎತ್ತಿಟ್ಟಿದ್ದಾರೆ. ಫೈಲ್ ಕೊಟ್ಟ ತಾಣದಲ್ಲೇ ಇರುವ ಹ್ಯಾಶ್ ಜೊತೆ ಹೋಲಿಸಿದರೆ ಪ್ರಯೋಜನವಿಲ್ಲ. ಫೈಲ್ ಬದಲಾಯಿಸಿದವನಿಗೆ ಅದನ್ನು ಬದಲಾಯಿಸುವುದು ಗೊತ್ತಿರುವುದಿಲ್ಲವೇ? ಬೇರೆ ಎರಡು ಕಡೆಯ ಪಟ್ಟಿಗೆ ತಾಳೆಯಾದರೆ ಮಾತ್ರ ಮುಂದುವರಿಯಿರಿ.

ಹೆಜ್ಜೆ 6: ಡ್ರೈವರ್ ಕೈಗೆ ಬರುವ ತನಕ ಫಾರ್ಮ್ಯಾಟ್ ಬೇಡ

ಮದರ್‌ಬೋರ್ಡ್ ಚಿಪ್‌ಸೆಟ್, ಡಿಸ್‌ಪ್ಲೇ, ಸೌಂಡ್, ನೆಟ್‌ವರ್ಕ್, ಈ ನಾಲ್ಕರ ಡ್ರೈವರ್ ಪೆನ್‌ಡ್ರೈವಿನಲ್ಲಿರಲಿ. ನೆಟ್‌ವರ್ಕಿನದು ಮೊದಲು, ಅದಿಲ್ಲದೆ ಉಳಿದವನ್ನು ಆ ಯಂತ್ರದಲ್ಲಿ ಇಳಿಸಲಾಗುವುದಿಲ್ಲ.

ಯಂತ್ರ ಹೊಸದಾದಷ್ಟೂ ಹಳೆಯ ಓಎಸ್ ಅದಕ್ಕೆ ಹತ್ತುವುದಿಲ್ಲ. ವಿಂಡೋಸ್ 7ರ ಡಿಸ್ಕಿನಲ್ಲಿ ಯುಎಸ್‌ಬಿ 3.0 ಡ್ರೈವರ್ ಇಲ್ಲ. ಇಂಟೆಲ್ 6ನೇ ಪೀಳಿಗೆಯ ಬೋರ್ಡುಗಳಿಂದ ಈಚೆಗೆ ಇನ್‌ಸ್ಟಾಲ್ ಪರದೆ ಬರುತ್ತದೆ, ಆದರೆ ಯುಎಸ್‌ಬಿ ಮೌಸೂ ಇಲ್ಲ ಕೀಬೋರ್ಡೂ ಇಲ್ಲ. ಪಿಎಸ್/2 ಪೋರ್ಟಿದ್ದರೆ ಹಳೆಯ ಗುಂಡುಪಿನ್ನಿನ ಕೀಬೋರ್ಡ್ ಸಿಕ್ಕಿಸಿ, ಇಲ್ಲವೇ ಡ್ರೈವರನ್ನು ಐಎಸ್‌ಒ ಒಳಗೇ ಸೇರಿಸಿ. ಹೊಸ ಬಗೆಯ ವೇಗದ ಡಿಸ್ಕಾದ ಎನ್‌ವಿಎಂಇ ಎಸ್‌ಎಸ್‌ಡಿಗೂ ವಿಂಡೋಸ್ 7ರಲ್ಲಿ ಪ್ರತ್ಯೇಕ ಪ್ಯಾಚ್ ಬೇಕು. 7ನೇ ಪೀಳಿಗೆಯ ಇಂಟೆಲ್ ಮತ್ತು ಎಎಂಡಿಯ ರೈಜನ್ ಪ್ರೊಸೆಸರುಗಳಿಗಂತೂ ವಿಂಡೋಸ್ 7ರ ಅಪ್‌ಡೇಟನ್ನೇ ಮೈಕ್ರೋಸಾಫ್ಟ್ ತಡೆದಿತ್ತು.

ಎಕ್ಸ್‌ಪಿಯಲ್ಲಿ ಇನ್ನೊಂದು. ಫೈಲುಗಳೆಲ್ಲ ಲೋಡ್ ಆಗಿ ಇನ್ನೇನು ಶುರುವಾಯಿತು ಅನ್ನುವಾಗ ನೀಲಿ ಪರದೆ ಬಂದು, ಕೊನೆಯಲ್ಲಿ 7ಬಿ ಅಂತ ಇರುವ ಎರರ್ ನಂಬರ್ ತೋರಿಸುತ್ತದೆ. ಸಿ.ಡಿ. ಕೆಟ್ಟಿದೆ ಅಂತ ಎಸೆಯಬೇಡಿ. ಎಕ್ಸ್‌ಪಿಗೆ ಎಎಚ್‌ಸಿಐ ಬಗೆಯ ಹಾರ್ಡ್‌ಡಿಸ್ಕ್ ಸಂಪರ್ಕ ಗೊತ್ತಿಲ್ಲ, ಡಿಸ್ಕೇ ಅದರ ಕಣ್ಣಿಗೆ ಬೀಳುತ್ತಿಲ್ಲ. ಬಯಾಸಿಗೆ ಹೋಗಿ ಸಾಟಾ ಮೋಡ್ ಅನ್ನುವುದನ್ನು ಐಡಿಇಗೆ ಬದಲಾಯಿಸಿ. ಆ ಆಯ್ಕೆಯೇ ಇಲ್ಲದ ಬೋರ್ಡ್ ಆದರೆ ಶುರುವಿನಲ್ಲಿ ಎಫ್6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡಬೇಕು. ಈಗ ಫ್ಲಾಪಿಗೆ ಎಲ್ಲಿ ಹೋಗೋಣ? ಅಂಥವರು ಮುಂದಿನ ಹೆಜ್ಜೆ ನೋಡಿ.

ಹೆಜ್ಜೆ 7: ವರ್ಚುವಲ್ ಮಷೀನ್ ಸಾಕಾಗುತ್ತಾ ನೋಡಿ

ಡ್ರೈವರಿನ ಈ ರಗಳೆಯನ್ನೆಲ್ಲ ತಪ್ಪಿಸಿಕೊಳ್ಳಬೇಕಾದರೆ ಹಳೆಯ ಓಎಸ್ಸನ್ನು ಹೊಸ ಕಂಪ್ಯೂಟರಿನೊಳಗೆ ಒಂದು ಕಿಟಕಿಯಲ್ಲಿ ಓಡಿಸಿ. ವರ್ಚುವಲ್‌ಬಾಕ್ಸ್ ಉಚಿತ. ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ ಕೂಡ 2024ರ ನವೆಂಬರಿನಿಂದ ಎಲ್ಲರಿಗೂ ಉಚಿತವಾಗಿದೆ. ವಿಂಡೋಸ್ 95, 98ಕ್ಕೆ ಇವೆರಡಕ್ಕಿಂತ 86ಬಾಕ್ಸ್ ಚೆನ್ನ. ಅದು ಆ ಕಾಲದ ಮದರ್‌ಬೋರ್ಡ್, ಡಿಸ್‌ಪ್ಲೇ ಕಾರ್ಡನ್ನೇ ಅನುಕರಿಸುತ್ತದೆ.

ಎಕ್ಸ್‌ಪಿಗೆ 1 ಜಿಬಿ ಮೆಮೊರಿ, 20 ಜಿಬಿ ಡಿಸ್ಕ್ ಕೊಟ್ಟರೆ ಧಾರಾಳ. ನೆಟ್‌ವರ್ಕ್ ಅಡಾಪ್ಟರನ್ನು ತೆಗೆದುಬಿಡಿ. ಎಕ್ಸ್‌ಪಿ ಆಕ್ಟಿವೇಶನ್‌ಗೆ 30 ದಿನ ಸಮಯ ಕೊಡುತ್ತದೆ, ಆಮೇಲೆ ಲಾಗಿನ್ ಆಗಲು ಬಿಡುವುದಿಲ್ಲ. ಅದಕ್ಕೇ ಮೊದಲು ಆಕ್ಟಿವೇಶನ್ ಮುಗಿಸಿ, ನಂತರ ಕೆಲಸದ ಫೈಲುಗಳನ್ನು ಒಳಗೆ ಹಾಕಿ. ವಿಂಡೋಸ್ 98, 2000ಕ್ಕೆ ಆಕ್ಟಿವೇಶನ್ ಇಲ್ಲ, ಕೀ ಕೊಟ್ಟರೆ ಸಾಕು. ಎಲ್ಲ ಸರಿಯಾಗಿ ಕೂತ ಮೇಲೆ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಮುಂದೆ ಏನೇ ಕೆಟ್ಟರೂ ಒಂದು ಕ್ಲಿಕ್ಕಿಗೆ ಮೊದಲಿನ ಸ್ಥಿತಿಗೆ ಬರಬಹುದು.

ಯುಎಸ್‌ಬಿ ಡಾಂಗಲ್ಲನ್ನು ವರ್ಚುವಲ್ ಮಷೀನಿಗೆ ದಾಟಿಸಬಹುದು. ಪ್ಯಾರಲಲ್ ಪೋರ್ಟಿನ ಡಾಂಗಲ್ ಆದರೆ ಇದರ ಆಸೆ ಬಿಡಿ. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಬದಲಾಯಿಸುವ ಕೇಬಲ್ಲು ಪ್ರಿಂಟರಿಗೆ ನಡೆಯುತ್ತದೆ, ಡಾಂಗಲ್ಲಿಗೆ ಸಾಮಾನ್ಯವಾಗಿ ನಡೆಯುವುದಿಲ್ಲ. ಅಂಥವರಿಗೆ ನಿಜವಾದ ಹಳೆಯ ಯಂತ್ರವೇ ಗತಿ.

ಹೆಜ್ಜೆ 8: ಹಾಕಿದ ಮೇಲೆ

ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡ ತಾನಾಗಿಯೇ ಸರಿಯಾಗಿ ಕಾಣುವುದಿಲ್ಲ. ತುಂಗಾ ಫಾಂಟು ಅದರ ಜೊತೆಗೇ ಬಂದಿದ್ದರೂ ಅಕ್ಷರ ಬಿಡಿ ಬಿಡಿಯಾಗಿ ಒಡೆದು ಕಾಣುತ್ತದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ರೀಜನಲ್ ಆ್ಯಂಡ್ ಲ್ಯಾಂಗ್ವೇಜ್ ಆಪ್ಷನ್ಸ್ ತೆರೆದು, ಲ್ಯಾಂಗ್ವೇಜಸ್ ಟ್ಯಾಬಿನಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂಬ ಸಾಲಿಗೆ ಟಿಕ್ ಹಾಕಿ. ಆಗ ಅದು ಎಕ್ಸ್‌ಪಿ ಸಿ.ಡಿ. ಕೇಳುತ್ತದೆ. ಹಾಗಾಗಿ ಇನ್‌ಸ್ಟಾಲ್ ಮುಗಿದ ಕೂಡಲೇ ಸಿ.ಡಿ. ಎತ್ತಿಡಬೇಡಿ. ಐ386 ಫೋಲ್ಡರನ್ನು ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿಟ್ಟುಕೊಂಡರೆ ಇನ್ನೂ ಒಳ್ಳೆಯದು. ವಿಂಡೋಸ್ 7ರಲ್ಲಿ ಈ ಗೋಳಿಲ್ಲ.

ವಿಂಡೋಸ್ 7ರಲ್ಲಿ ಅಪ್‌ಡೇಟ್ ಗಂಟೆಗಟ್ಟಲೆ ಹುಡುಕುತ್ತಲೇ ಇರುತ್ತದೆ. ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗಿನಿಂದ ಕೈಯಾರೆ ಇಳಿಸಿ ಹಾಕುವುದೇ ಮೇಲು. ಸರ್ವಿಸ್ ಪ್ಯಾಕ್ 1 ಮೊದಲು. ನಂತರ ಕೆಬಿ 3020369 (ಕೆಬಿ ಅಂದರೆ ಅಪ್‌ಡೇಟನ್ನು ಗುರುತಿಸುವ ನಂಬರು), ಅದರ ಮೇಲೆ ಕೆಬಿ 3125574. ಇದರಲ್ಲಿ 2016ರ ತನಕದ ಬಹುಪಾಲು ಅಪ್‌ಡೇಟುಗಳು ಒಂದೇ ಗಂಟಿನಲ್ಲಿವೆ. ಆಮೇಲೆ ಕೆಬಿ 4490628 ಮತ್ತು ಕೆಬಿ 4474419. ಈ ಎರಡಿಲ್ಲದಿದ್ದರೆ 2019ರ ನಂತರದ ಅಪ್‌ಡೇಟುಗಳ ಹೊಸ ಸಹಿಯನ್ನು ವಿಂಡೋಸ್ 7 ಗುರುತಿಸುವುದಿಲ್ಲ.

ಇನ್ನು ಇಂಟರ್‌ನೆಟ್. ಎಕ್ಸ್‌ಪಿಯನ್ನು ನೆಟ್ಟಿಗೆ ಸೇರಿಸಬೇಡಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಸುಲಿಗೆ ವೈರಸ್ ಹರಡಿದಾಗ, ಬೆಂಬಲ ನಿಂತು ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್ ಬಿಡಬೇಕಾಯಿತು. 2019ರಲ್ಲಿ ಬ್ಲೂಕೀಪ್ ಎಂಬ ದೋಷಕ್ಕೆ ಮತ್ತೊಂದು. ಆಮೇಲೆ ಬಂದ ತೂತುಗಳನ್ನು ಮುಚ್ಚುವವರು ಯಾರೂ ಇಲ್ಲ. ಅಲ್ಲದೆ ಅದರಲ್ಲಿ ಬ್ರೌಸ್ ಮಾಡುವುದೂ ಅಷ್ಟರಲ್ಲೇ ಇದೆ. ಕ್ರೋಮ್ ಎಕ್ಸ್‌ಪಿಗೆ 49ನೇ ಆವೃತ್ತಿಯಲ್ಲಿ, ವಿಂಡೋಸ್ 7ಕ್ಕೆ 109ರಲ್ಲಿ ನಿಂತಿತು. ಫೈಲ್ ಸಾಗಿಸಲು ಒಂದು ಪೆನ್‌ಡ್ರೈವ್ ಅದಕ್ಕೇ ಮೀಸಲಿಡಿ, ಪ್ರತಿ ಸಲ ಹೊಸ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿ. ಹಳೆಯದರಲ್ಲಿ ಆಟೊರನ್ (ಪೆನ್‌ಡ್ರೈವ್ ಹಾಕಿದ ಕೂಡಲೇ ಅದರ ಪ್ರೋಗ್ರಾಂ ತಾನೇ ಓಡುವುದು) ಆಫ್ ಇರಲಿ.

ಹೆಜ್ಜೆ 9: ಮುಂದಿನ ಹಳೆಯ ಓಎಸ್ ಯಾವುದು ಗೊತ್ತಲ್ವಾ?

ವಿಂಡೋಸ್ 10. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರ ತನಕ ಸುರಕ್ಷತಾ ಅಪ್‌ಡೇಟು. ಕಾರ್ಖಾನೆ ಯಂತ್ರಗಳಿಗಾಗಿ ಇರುವ ಐಒಟಿ ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ 2021ಕ್ಕೆ ಮಾತ್ರ 2032ರ ಜನವರಿಯ ತನಕ ಬೆಂಬಲವಿದೆ. ವರ್ಕ್‌ಶಾಪ್ ನಡೆಸುವವರು ಯಂತ್ರ ಮಾರಿದವರ ಹತ್ತಿರ ಇದನ್ನು ಕೇಳಿ ನೋಡಿ.

ಹಾಗಾಗಿ 32 ಬಿಟ್, 64 ಬಿಟ್ ಎರಡೂ ಐಎಸ್‌ಒಗಳನ್ನು ಈಗಲೇ, ಕಂಪನಿಯ ತಾಣದಿಂದಲೇ ಇಳಿಸಿಡಿ. ಪಕ್ಕದಲ್ಲೇ ಒಂದು ಟೆಕ್ಸ್ಟ್ ಫೈಲಿನಲ್ಲಿ ಹ್ಯಾಶ್, ಇಳಿಸಿದ ತಾರೀಕು, ಆವೃತ್ತಿ, ಭಾಷೆ ಬರೆದಿಡಿ. ನಿಮ್ಮ ಯಂತ್ರದ ಡ್ರೈವರುಗಳನ್ನು ಮಾಡೆಲ್ ಹೆಸರಿನ ಫೋಲ್ಡರಿಗೆ ಹಾಕಿ, ಸ್ಟಿಕ್ಕರಿನ ಫೋಟೊವನ್ನೂ ಅದರಲ್ಲೇ ಸೇರಿಸಿ. ಇಡೀ ಫೋಲ್ಡರ್ ಎರಡು ಬೇರೆ ಬೇರೆ ಡಿಸ್ಕಿನಲ್ಲಿರಲಿ. ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ.